ಹತ್ತೊಂಬತ್ತು ಅಟ್ಟಿ ಚಿಲಕ

ತಾಳೆ ಅಕ್ಕನಿಗೆ ಆ ದಿನ ಬೆಳಗಿನಿಂದಲೇ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಲವತ್ತನಾಲ್ಕು ವರ್ಷದ ಹೆಂಗಸು, ಕಾಲೇಜಿಗೆ ಹೋಗುವ ಮಗಳ ತಾಯಿ, ಬಾಗಿಲ ಚಿಲಕ ಎಣಿಸಲು ಹೊರಟಿದ್ದಳು. ಸಂಭ್ರಮ ನೋಡಿದರೆ ತವರಿನ ಮದುವೆಗೆ ಹೊರಟ ಹಾಗಿತ್ತು. ಚೀಲಕ್ಕೆ ಎರಡು ನೀಲಿ ಪೆನ್ನು ಹಾಕಿದಳು, ತೆಗೆದು ಅಂಗೈ ಮೇಲೆ ಗೀಚಿ ನೋಡಿದಳು, ಮತ್ತೆ ಹಾಕಿದಳು. ಸಮಾಧಾನವಾಗದೆ ಮೂರನೆಯದನ್ನು ಮಗಳ ಮೇಜಿನಿಂದ ಎತ್ತಿಕೊಂಡಳು.

"ಅಮ್ಮ, ನೀನು ಪರೀಕ್ಷೆಗೆ ಹೋಗ್ತಿದ್ದೀಯೋ ಪೆನ್ನಿನ ಅಂಗಡಿ ಇಡೋಕೆ ಹೋಗ್ತಿದ್ದೀಯೋ?" ಎಂದಳು ಮಗಳು.

"ಪೆನ್ಸಿಲ್ ಒಂದು ಇಟ್ಕೊಂಡಿಲ್ಲ ತಾನೇ?" ಎಂದು ಗಂಡ ಬೂಟಿನ ದಾರ ಕಟ್ಟುತ್ತ ಕೇಳಿದ. ಅವನು ಬಸ್ಸು ಓಡಿಸುವವನು. ಹೆಂಡತಿಯ ಹೋದ ವರ್ಷದ ಪರೀಕ್ಷೆಯ ಅಪಘಾತ ಅವನಿಗೆ ಚೆನ್ನಾಗಿ ನೆನಪಿತ್ತು.

"ಮನೇಲಿದ್ದ ಪೆನ್ಸಿಲನ್ನೆಲ್ಲ ಪಕ್ಕದ ಮನೆ ಮಕ್ಕಳಿಗೆ ಹಂಚಿಬಿಟ್ಟೆ ಕಣ್ರೀ."

ಒಳಗಿನಿಂದ ಅತ್ತೆಯ ದನಿ ಬಂತು. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಆ ಮುಕ್ಕಾಲು ನಿನ್ನ ಹತ್ರ ಆಗ್ಲೇ ಇದೆ. ಉಳಿದ ಒಕ್ಕಾಲಿಗೆ ಇಷ್ಟು ಒದ್ದಾಟ ಯಾಕೋ ನಂಗಂತೂ ತಿಳೀದು ಮಾರಾಯ್ತಿ." ಹೀಗೆ ಗೊಣಗುವ ಅತ್ತೆಯೇ ಬೀದಿಯ ನಾಲ್ಕು ಮನೆಗೆ ಹೋಗಿ, ನಮ್ಮ ಸೊಸೆ ಓದುತ್ತಿರುವುದು ಏನೆಂದು ಹೇಳಿದರೆ ನಿಮಗೆ ಅರ್ಥವಾಗುವುದಿಲ್ಲ ಎಂದು ಹೇಳಿ ಬಂದಿದ್ದಳು. ಅವಳಿಗೂ ಅರ್ಥವಾಗಿರಲಿಲ್ಲ, ಆ ಮಾತು ಬೇರೆ.

ತಾಳೆ ಅಕ್ಕ ಎಂಬ ಹೆಸರು ಬಂದದ್ದು ತರಗತಿಯಲ್ಲಿ. ಟಯರ್ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷ ಲೆಕ್ಕ ಬರೆದವಳು ಅವಳು. ಆ ಹದಿನೆಂಟು ವರ್ಷದಲ್ಲಿ ಒಂದೇ ಒಂದು ತಿಂಗಳೂ ಪುಸ್ತಕ ತಾಳೆಯಾಗದೆ ಮುಚ್ಚಿದ್ದಿಲ್ಲ. ಎರಡು ಟಯರ್ ಹೆಚ್ಚುಕಡಿಮೆ ಬಂದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಯಾರು ಒಯ್ದರು, ಯಾರು ಬರೆಯಲು ಮರೆತರು ಎಂದು ಮೂಲೆ ಮೂಲೆ ಕೆದಕುವಳು. ಕಾರಣ ಸಿಕ್ಕ ಮೇಲೆ ಹಳೆಯ ಅಂಕಿಯನ್ನು ರಬ್ಬರಿನಿಂದ ಅಳಿಸಿ, ಹೊಸದನ್ನು ಮುದ್ದಾಗಿ ಬರೆದು, ಪುಡಿಯನ್ನು ಊದಿ ಪುಸ್ತಕ ಮುಚ್ಚುವಳು. ಅಂಗಡಿಯ ಯಜಮಾನರು ಬಂದವರಿಗೆಲ್ಲ ಆ ಪುಟ ತೋರಿಸಿ, "ನೋಡಿ, ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ" ಎಂದು ಬೀಗುತ್ತಿದ್ದರು. ಅಂಥವಳು ನಲವತ್ತೆರಡನೆಯ ವಯಸ್ಸಿನಲ್ಲಿ, ಬರೆದದ್ದು ಸಾಕು, ಇನ್ನು ಸಹಿ ಹಾಕುವ ಲೆಕ್ಕಪರಿಶೋಧಕಿಯಾಗಬೇಕು ಎಂದು ಆಸೆಪಟ್ಟು ವೃತ್ತಿಪರ ಲೆಕ್ಕಶಾಸ್ತ್ರದ ಸ್ನಾತಕೋತ್ತರ ಕೋರ್ಸಿಗೆ ಸೇರಿದಳು. ಜೊತೆಗಿದ್ದವರೆಲ್ಲ ಇಪ್ಪತ್ತೆರಡು ಇಪ್ಪತ್ತಮೂರರ ಮಕ್ಕಳು. ಯಾವ ಲೆಕ್ಕ ಕೊಟ್ಟರೂ ಅವರೆಲ್ಲರಿಗಿಂತ ಮೊದಲು ಕೈಯೆತ್ತಿ "ತಾಳೆಯಾಯ್ತು" ಎನ್ನುತ್ತಿದ್ದಳು. ಮೊದಲ ವಾರದಲ್ಲೇ ಹೆಸರು ಅಂಟಿಕೊಂಡಿತು.

ತೆರಿಗೆ, ವೆಚ್ಚದ ಲೆಕ್ಕ, ಕಂಪನಿ ಲೆಕ್ಕ, ಎಲ್ಲವನ್ನೂ ನೀರು ಕುಡಿದಷ್ಟು ಸುಲಭವಾಗಿ ಮುಗಿಸಿದಳು. ಮುಗ್ಗರಿಸಿದ್ದು ಆಡಿಟ್‌ನಲ್ಲಿ. ಉಳಿದ ವಿಷಯಗಳಲ್ಲಿ ಲೆಕ್ಕ ಬರೆದರೆ ಆಯಿತು. ಆಡಿಟ್ ಎಂದರೆ ಬೇರೆಯವರು ಬರೆದ ಲೆಕ್ಕ ನಿಜವೇ ಎಂದು ಎದ್ದು ಹೋಗಿ ನೋಡಬೇಕು. ಹೋದ ವರ್ಷದ ಪ್ರಾಯೋಗಿಕ ಪರೀಕ್ಷೆ ಒಂದು ಬಟ್ಟೆ ಗೋದಾಮಿನಲ್ಲಿ ನಡೆಯಿತು. ಅವಳು ಎಣಿಸಿದಾಗ ಪುಸ್ತಕದಲ್ಲಿದ್ದದ್ದಕ್ಕಿಂತ ಮೂರು ಥಾನು ಬಟ್ಟೆ ಕಡಿಮೆ ಬಂತು. ವಿಚಾರಿಸಿದಳು. ಹೊಲಿಗೆ ವಿಭಾಗಕ್ಕೆ ಹೋಗಿದೆ ಎಂದರು. ಸರಿ, ಕಾರಣ ಸಿಕ್ಕಿತಲ್ಲ. ಅವಳ ಕೈ ಅವಳನ್ನು ಕೇಳದೆಯೇ ರಬ್ಬರು ತೆಗೆದು ಹಾಳೆಯ ಅಂಕಿ ಅಳಿಸಿ, ಮೂರು ಕೂಡಿಸಿ ಬರೆದುಬಿಟ್ಟಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳಿಲ್ಲ.

ಆಡಿಟ್ ಮೇಡಂ ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ್ದರು. ಮಾತು ಕಡಿಮೆ, ಕಣ್ಣು ಹರಿತ, ಅಂಥ ಮನುಷ್ಯರು ಅವರು. "ಇಲ್ಲಿ ವ್ಯತ್ಯಾಸ ಬಂದಿತ್ತಾ?"

"ಬಂದಿತ್ತು ಮೇಡಂ. ಸರಿ ಮಾಡಿದೆ."

"ಆ ಮೂರು ಥಾನನ್ನ ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲ. ಅವರು ಹೇಳಿದ್ರು."

"ಹಾಗಿದ್ರೆ ಇದು ನಿಮ್ಮ ಎಣಿಕೆ ಅಲ್ಲ, ಅವರ ಎಣಿಕೆ. ಅವರದು ಅವರ ಪುಸ್ತಕದಲ್ಲೇ ಇತ್ತು, ನಾವು ಬರಬೇಕಾಗಿರ್ಲಿಲ್ಲ." ಅರವತ್ತಕ್ಕೆ ಹದಿನೆಂಟು ಕೊಟ್ಟು ಫೇಲು ಮಾಡಿದರು.

ಒಂದೇ ವಿಷಯದಲ್ಲಿ ಎರಡು ಸಲ ಫೇಲಾದವರ ಹೆಸರನ್ನು ಕೋರ್ಸಿನಿಂದ ತೆಗೆಯುವುದು ಅಲ್ಲಿನ ನಿಯಮ. ಹಾಗಾಗಿ ಆ ದಿನ ಚಿಲಕ ಎಣಿಸಿ, ಎಣಿಸಿದ್ದನ್ನು ಮೇಡಂ ಎದುರು ಸಮರ್ಥಿಸಿ, ಅರವತ್ತಕ್ಕೆ ಮೂವತ್ತಾದರೂ ತಂದರೆ ಅಕ್ಕ ಆ ಹಾದಿಯಲ್ಲಿ ಉಳಿಯುತ್ತಾಳೆ. ಇಲ್ಲವಾದರೆ ಮತ್ತೆ ಟಯರ್ ಅಂಗಡಿ. ಇಷ್ಟೆಲ್ಲ ತಲೆಯ ಮೇಲೆ ತೂಗುತ್ತಿದ್ದರೂ ಅವಳಿಗೆ ಭಯಕ್ಕಿಂತ ಖುಷಿಯೇ ಹೆಚ್ಚಾಗಿತ್ತು. ಒಂದು ವರ್ಷ ಕಾದಿದ್ದಳು ಇದಕ್ಕೆ. ಬಸ್ಸಿನಲ್ಲಿ ನಿಲ್ದಾಣಕ್ಕೆ ಮೊದಲೇ ಎದ್ದು ಬಾಗಿಲ ಬಳಿ ನಿಂತಿದ್ದಳು.

ಗೋದಾಮು ಒಂದು ಉದ್ದ ತಗಡಿನ ಕಟ್ಟಡ. ಬಾಗಿಲ ಕೀಲು, ಹಿಡಿ, ಬೀಗ, ಚಿಲಕ, ಸ್ಕ್ರೂ, ಹೀಗೆ ಮನೆಯ ಬಾಗಿಲಿಗೆ ಬೇಕಾದ ಸಕಲವೂ ಅಲ್ಲಿತ್ತು. ಎಣ್ಣೆ ಮತ್ತು ರಟ್ಟಿನ ವಾಸನೆ ಮೂಗಿಗೆ ಬಡಿಯುತ್ತಲೇ ಅಕ್ಕನಿಗೆ ತನ್ನ ಅಂಗಡಿಯ ನೆನಪಾಗಿ ಎದೆ ಹಿಗ್ಗಿತು. ವಿದ್ಯಾರ್ಥಿಗಳು ಇಬ್ಬಿಬ್ಬರಂತೆ ಹನ್ನೆರಡು ಜನ. ಅವಳ ಜೊತೆಗಾತಿ ಎಕ್ಸ್‌ಪ್ರೆಸ್. ಆ ಹುಡುಗಿ ಮಾತಿಗೆ ಶುರುವಿಟ್ಟರೆ ಯಾವ ಸ್ಟೇಷನ್ನಿನಲ್ಲೂ ನಿಲ್ಲುತ್ತಿರಲಿಲ್ಲವಾದ್ದರಿಂದ ಆ ಹೆಸರು.

ಮೇಡಂ ನಿಯಮ ಹೇಳಿದರು. ಒಬ್ಬರು ಎಣಿಸಬೇಕು, ಇನ್ನೊಬ್ಬರು ಬರೆಯಬೇಕು. ಬರೆದವರ ಹೆಸರಿಗೆ ಆ ಹಾಳೆ. ಎಣಿಸಿದ ಪ್ರತಿ ಪೆಟ್ಟಿಗೆಯ ಮೇಲೂ ಸೀಮೆಸುಣ್ಣದ ಗೆರೆ. ಒಂದೊಂದು ಜೋಡಿಗೆ ಒಂದೊಂದು ಬಣ್ಣ. ಪುಸ್ತಕದಲ್ಲಿ ಎಷ್ಟಿದೆ ಎಂಬುದನ್ನು ಎಣಿಕೆ ಮುಗಿಯುವವರೆಗೂ ಯಾರಿಗೂ ತೋರಿಸುವುದಿಲ್ಲ. "ಬರೆದದ್ದು ತಪ್ಪಾದ್ರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಚಿಕ್ಕ ಸಹಿ ಹಾಕಿ. ಹಳೇ ಅಂಕಿ ಓದೋ ಹಾಗಿರಬೇಕು," ಎಂದು ಹೇಳುವಾಗ ಅವರ ಕಣ್ಣು ಬೇರೆಲ್ಲೋ ಇತ್ತು. ಆದರೂ ಅಕ್ಕನ ಕಿವಿ ಬಿಸಿಯಾಯಿತು.

ಕೀಲುಗಳು ಸರಾಗವಾಗಿ ಮುಗಿದವು. ಸ್ಕ್ರೂಗಳನ್ನು ಒಂದೊಂದಾಗಿ ಎಣಿಸುವುದು ಸಾಧ್ಯವಿಲ್ಲದ ಮಾತು. ನೂರು ಸ್ಕ್ರೂ ತೂಗಿ, ಅದರ ಲೆಕ್ಕದಲ್ಲಿ ಚೀಲದ ತೂಕ ಹಾಕಬೇಕು. ಎಕ್ಸ್‌ಪ್ರೆಸ್ ಖಾಲಿ ತಟ್ಟೆಯ ತೂಕ ಕಳೆಯಲು ಮರೆತಿದ್ದಳು. ಅಕ್ಕ ಹಿಡಿದಳು. "ತಟ್ಟೆಯನ್ನೂ ಬಾಗಿಲಿಗೆ ಹೊಡೀತಾರಾ?" ಎಂದು ಅಕ್ಕ ಕೇಳಿದ್ದಕ್ಕೆ ಹುಡುಗಿ ಬಿದ್ದು ಬಿದ್ದು ನಕ್ಕಳು. ಇಬ್ಬರಿಗೂ ಹುಮ್ಮಸ್ಸು ಏರಿತು.

ಕೊನೆಯದು ಹಿತ್ತಾಳೆ ಚಿಲಕ. ಭಾರವೆಂದು ಅವನ್ನು ಕಪಾಟಿನಲ್ಲಿ ಇಟ್ಟಿರಲಿಲ್ಲ. ಮೂಲೆಯ ಕಂಬದ ಬಳಿ ನೆಲದ ಮೇಲೆಯೇ ರಟ್ಟಿನ ಪೆಟ್ಟಿಗೆಗಳನ್ನು ಅಟ್ಟಿ ಅಟ್ಟಿಯಾಗಿ ಪೇರಿಸಿದ್ದರು. ಅಟ್ಟಿಗಳೆಲ್ಲ ಒಂದೇ ಎತ್ತರ. ಎಕ್ಸ್‌ಪ್ರೆಸ್ ಮುಂದಿನ ಅಟ್ಟಿಯನ್ನು ಎಣಿಸಿ "ಹನ್ನೆರಡು" ಎಂದಳು, ಸಂದಿಯಲ್ಲಿ ತೂರಿ ಅಟ್ಟಿಗಳನ್ನು ಲೆಕ್ಕ ಹಾಕಿ "ಹತ್ತೊಂಬತ್ತು ಅಟ್ಟಿ ಅಕ್ಕ" ಎಂದಳು. ಅಕ್ಕನ ಬಾಯಲ್ಲಿ ಮಗ್ಗಿ ಉರುಳಿತು. ಇನ್ನೂರ ಇಪ್ಪತ್ತೆಂಟು ಎಂದು ನೀಲಿ ಶಾಯಿಯಲ್ಲಿ ಬರೆದಳು.

ಆಮೇಲೆ ಮೇಡಂ ಪುಸ್ತಕದ ಪಟ್ಟಿ ಹಂಚಿದರು. ಕೀಲು ಸರಿ. ಸ್ಕ್ರೂ ಸರಿ. ಹಿತ್ತಾಳೆ ಚಿಲಕ ಇನ್ನೂರ ನಲವತ್ತು ಪೆಟ್ಟಿಗೆ ಎಂದಿತ್ತು. ಹನ್ನೆರಡು ಕಡಿಮೆ.

ಗೋದಾಮಿನ ಮೇಸ್ತ್ರಿ ಹತ್ತಿರವೇ ನಿಂತಿದ್ದರು. ಅರವತ್ತರ ಆಸುಪಾಸಿನ ಮನುಷ್ಯ, ಬಾಯಲ್ಲಿ ಬೆಣ್ಣೆ. "ಅದಾ ತಾಯಿ? ಇಪ್ಪತ್ತು ಅಟ್ಟಿ ಇತ್ತು, ಒಂದು ಅಟ್ಟಿ ಇವತ್ತು ಬೆಳಿಗ್ಗೆ ಪ್ಯಾಕಿಂಗ್ ಕೋಣೆಗೆ ಹೋಯ್ತು. ಇಲ್ಲೇ ಇದೆ, ಎಲ್ಲೂ ಹೋಗಿಲ್ಲ. ಇನ್ನೂರ ನಲವತ್ತು ಅಂತಲೇ ಬರ್ಕೊಳ್ಳಿ."

"ಬರೀರಿ ಅಕ್ಕ, ಇನ್ನು ಇಪ್ಪತ್ತೇ ನಿಮಿಷ ಇರೋದು," ಎಂದಳು ಎಕ್ಸ್‌ಪ್ರೆಸ್.

ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು. ಹೋದ ವರ್ಷದ ಅದೇ ಹಳ್ಳ, ಅದೇ ಜಾಗದಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು. "ಬರೀತೀನಿ. ಮೊದಲು ನೋಡ್ಕೊಂಡು ಬರೋಣ ಬಾ," ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಪ್ಯಾಕಿಂಗ್ ಕೋಣೆಗೆ ನಡೆದಳು. ನಡೆದಳು ಎನ್ನುವುದು ಮರ್ಯಾದೆಯ ಮಾತು, ಓಡಿದಳು.

ಮೇಸ್ತ್ರಿ ಹೇಳಿದ್ದು ಸುಳ್ಳಾಗಿರಲಿಲ್ಲ. ಮೇಜಿನ ಮೇಲೆ ಹನ್ನೆರಡು ಪೆಟ್ಟಿಗೆ ಹಿತ್ತಾಳೆ ಚಿಲಕ ಇತ್ತು. ಎಕ್ಸ್‌ಪ್ರೆಸ್ ನಿಟ್ಟುಸಿರು ಬಿಟ್ಟಳು. ಅಕ್ಕ ಬಗ್ಗಿ ನೋಡಿದಳು. ಹನ್ನೆರಡರ ಮೇಲೂ ಒಂದೊಂದು ಹಸಿರು ಗೆರೆ. ಅವರದು ಕೆಂಪು ಬಣ್ಣ. ಹಸಿರು ಎಂದರೆ ಈ ಕೋಣೆಯನ್ನು ಎಣಿಸಿದ ಬೇರೆ ಜೋಡಿ. ಪಟ್ಟಿಯ ಮುಂದಿನ ಪುಟ ತಿರುಗಿಸಿದಳು; ಪ್ಯಾಕಿಂಗ್ ಕೋಣೆ, ಹಿತ್ತಾಳೆ ಚಿಲಕ, ಹನ್ನೆರಡು ಎಂದು ಅಚ್ಚಾಗಿತ್ತು.

"ನೋಡೇ ಇಲ್ಲಿ," ಎಂದು ಅಕ್ಕ ಹುಡುಗಿಯ ತೋಳು ಹಿಡಿದು ಅಲ್ಲಾಡಿಸಿದಳು. "ಇಲ್ಲಿಗೆ ಬಂತು ಅಂತ ಬರ್ಕೊಂಡಿದ್ದಾರೆ, ಅಲ್ಲಿಂದ ಹೋಯ್ತು ಅಂತ ಬರ್ಕೊಂಡಿಲ್ಲ. ಒಂದೇ ಹನ್ನೆರಡು ಪುಸ್ತಕದಲ್ಲಿ ಎರಡು ಕಡೆ ಕೂತಿದೆ. ನಾವೂ ಸೇರಿಸಿ ಬರೆದಿದ್ರೆ ಮುಗೀತಿತ್ತು ಕಥೆ."

ಎಕ್ಸ್‌ಪ್ರೆಸ್‌ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಎರಡೂ ಪುಟ ತಿರುಗಿಸಿ ನೋಡಿದಳು. ಅಕ್ಕ ಹಾಳೆಯ ಮೇಲೆ ಇನ್ನೂರ ಇಪ್ಪತ್ತೆಂಟನ್ನು ಹಾಗೆಯೇ ಬಿಟ್ಟು, ಹನ್ನೆರಡು ಕಡಿಮೆ ಎಂದು ಬರೆದು, ಶರಾ ಜಾಗದಲ್ಲಿ ಕಾರಣವನ್ನು ನಾಲ್ಕು ಸಾಲಿನಲ್ಲಿ ವಿವರಿಸಿದಳು. ಹಾಳೆಯನ್ನು ಮೇಡಂ ಕೂತಿದ್ದ ಕೋಣೆಯ ಮೇಜಿನ ಮೇಲೆ ಇಟ್ಟು, ಹೊರಗಿನ ಬೆಂಚಿನಲ್ಲಿ ಬಂದು ಕೂತಳು. ವೈವಾಕ್ಕೆ ಒಂದೊಂದೇ ಹೆಸರು ಕರೆಯುತ್ತಿದ್ದರು.

ಅಲ್ಲಿ ಕೂತಾಗ ಬಂತು ನೋಡಿ ಗ್ರಹಚಾರ.

ಹನ್ನೆರಡು ಕಡಿಮೆ, ಹನ್ನೆರಡು ಸಿಕ್ಕಿತು, ವ್ಯತ್ಯಾಸಕ್ಕೆ ಪೂರ್ತಿ ಕಾರಣ ಇದೆ ಎಂದು ಮನಸ್ಸಿನಲ್ಲೇ ಮೆಲುಕು ಹಾಕುತ್ತಿದ್ದಳು. ಟಯರ್ ಅಂಗಡಿಯಲ್ಲಿ ತಿಂಗಳ ಪುಸ್ತಕ ಮುಚ್ಚುವಾಗ ಆಗುತ್ತಿದ್ದ ಅದೇ ತಂಪು ಎದೆಯೊಳಗೆ ಹರಡುತ್ತಿತ್ತು. ಆ ತಂಪು ಅವಳಿಗೆ ಎಷ್ಟು ಪರಿಚಿತವಾಗಿತ್ತೆಂದರೆ, ಅದರ ಮೇಲೆಯೇ ಅನುಮಾನ ಬಂತು. ಕಣ್ಣೆದುರು ಆ ಹನ್ನೆರಡು ಹಸಿರು ಗೆರೆ ನಿಂತವು. ಒಂದೊಂದು ಪೆಟ್ಟಿಗೆಗೂ ಒಂದೊಂದು. ತಮ್ಮ ಕೆಂಪು ಗೆರೆ ಎಲ್ಲಿತ್ತು? ಅಟ್ಟಿಯ ತುದಿಯ ಪೆಟ್ಟಿಗೆಗಳ ಮೇಲೆ ಮಾತ್ರ. ಹತ್ತೊಂಬತ್ತು ಅಟ್ಟಿಗೆ ಹತ್ತೊಂಬತ್ತು ಗೆರೆ. ಇನ್ನೂರ ಇಪ್ಪತ್ತೆಂಟು ಎಂಬ ಅಂಕಿ ಬಂದದ್ದು ಅವಳ ಬಾಯಲ್ಲಿನ ಮಗ್ಗಿಯಿಂದ. ಟಯರನ್ನು ಅವಳು ಹಾಗೆಯೇ ಎಣಿಸುತ್ತಿದ್ದಳು; ಟಯರಿನ ಅಟ್ಟಿಯಲ್ಲಿ ಒಂದು ಕಡಿಮೆಯಾದರೆ ದೂರದಿಂದಲೇ ತಗ್ಗು ಕಾಣುತ್ತಿತ್ತು.

"ಏಯ್, ಹಿಂದಿನ ಅಟ್ಟಿಗಳಲ್ಲಿ ಹನ್ನೆರಡು ಇತ್ತು ಅಂತ ನೋಡಿದ್ಯಾ?" ಎಂದು ಪಿಸುಗುಟ್ಟಿದಳು.

"ಎಲ್ಲಾ ಒಂದೇ ಎತ್ತರ ಇತ್ತಲ್ಲಕ್ಕ."

"ಅಡಿಯಲ್ಲಿ ನೋಡಿದ್ಯಾ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಅಕ್ಕ ಎದ್ದು ನಿಂತದ್ದು ಕಂಡು ಅವಳ ಮುಂಗೈ ಹಿಡಿದಳು. "ಅಕ್ಕ, ಸುಮ್ನೆ ಕೂತ್ಕೊಳ್ಳಿ. ಹಾಳೆ ಕೊಟ್ಟಾಗಿದೆ. ಲೆಕ್ಕ ಸರಿಯಾಗಿ ಕೂತಿದೆ. ಈಗ ಹೋಗಿ ನಾವು ನಿಯಮದ ಪ್ರಕಾರ ಎಣಿಸಿಲ್ಲ ಅಂದ್ರೆ ಅವರಾಗೇ ಫೇಲ್ ಮಾಡ್ತಾರೆ. ನಿಮ್ಮ ಹೆಸರೇ ಹೋಗುತ್ತೆ. ಯಾಕೆ ಬೇಲಿ ಮೇಲಿನ ಮುಳ್ಳನ್ನ ಮೈಮೇಲೆ ಎಳ್ಕೊತೀರಿ?"

ಹುಡುಗಿ ಹೇಳಿದ್ದರಲ್ಲಿ ಸುಳ್ಳಿಲ್ಲ. ಅಕ್ಕನಿಗೆ ಒಂದು ಗಳಿಗೆ ಕೂತುಬಿಡೋಣ ಎನಿಸಿತು. ಎರಡು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಓದಿದ್ದು, ಮಗಳ ಪುಸ್ತಕದ ಪಕ್ಕದಲ್ಲಿ ತನ್ನ ಪುಸ್ತಕ ಇಟ್ಟುಕೊಂಡದ್ದು, ಗಂಡ ಮೂರು ಸಲ ಪಾಳಿ ಬದಲಾಯಿಸಿಕೊಂಡದ್ದು, ಎಲ್ಲ ಕಣ್ಣ ಮುಂದೆ ಬಂತು. ಆದರೆ ನೋಡಬೇಕು ಎಂಬ ಆಸೆ ಭಯಕ್ಕಿಂತ ದೊಡ್ಡದಾಗಿತ್ತು. ಆ ಅಟ್ಟಿಗಳ ಅಡಿಯಲ್ಲಿ ಏನಿದೆ ಎಂದು ತಿಳಿಯದೆ ಆ ರಾತ್ರಿ ಅವಳಿಗೆ ನಿದ್ದೆ ಬರುವುದಿಲ್ಲವೆಂಬುದು ಖಂಡಿತವಾಗಿತ್ತು. ಕರೆಯದೆಯೇ ಬಾಗಿಲು ತಳ್ಳಿ ಒಳಗೆ ಹೋದಳು.

"ಮೇಡಂ, ಚಿಲಕದ ಎಣಿಕೆ ಮೇಲೆ ನನಗೇ ನಂಬಿಕೆ ಇಲ್ಲ. ಇನ್ನೊಂದು ಸಲ ಎಣಿಸಬೇಕು."

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಹಾಳೆ ಕೊಟ್ಟಾಗಿದೆಯಲ್ಲ."

"ಕೊಟ್ಟಿದ್ದೀನಿ. ಆದ್ರೆ ನಾನು ಎಣಿಸಿಲ್ಲ ಮೇಡಂ, ಗುಣಿಸಿದ್ದೀನಿ."

ಮೇಡಂ ಗಡಿಯಾರ ನೋಡಿ, ಹಾಳೆಯನ್ನು ಮುಂದೆ ತಳ್ಳಿದರು. "ಹತ್ತು ನಿಮಿಷ. ನಾನೂ ಬರ್ತೀನಿ."

ಅಕ್ಕ ಕೆಂಪು ಸೀಮೆಸುಣ್ಣ ಹಿಡಿದು ಮೊದಲ ಅಟ್ಟಿಯಿಂದ ಶುರು ಮಾಡಿದಳು. ಪೆಟ್ಟಿಗೆಗೊಂದು ಗೆರೆ, ಬಾಯಲ್ಲಿ ಒಂದು ಅಂಕಿ. ಸಂದಿಯಲ್ಲಿ ಮೈ ತೂರಿಸಿದಳು, ಮಂಡಿಯೂರಿದಳು, ಸೀರೆಯೆಲ್ಲ ಧೂಳಾಯಿತು. ಹದಿನೆಂಟನೆಯ ಅಟ್ಟಿ ಮುಗಿದಾಗ ಇನ್ನೂರ ಹದಿನಾರು. ಉಳಿದದ್ದು ಕಂಬದ ಹಿಂದಿನದು, ನಾಲ್ಕೂ ಕಡೆಯಿಂದ ಮರೆಯಾದದ್ದು. ಗೋಡೆಗೆ ಕೆನ್ನೆ ಒತ್ತಿ, ಕೈ ಚಾಚಿ, ಮೇಲಿನಿಂದ ಕೆಳಗೆ ತಡವುತ್ತ ಎಣಿಸಿದಳು. ಏಳು. ಎಂಟು. ಒಂಬತ್ತು. ಮುಂದೆ ರಟ್ಟು ಸಿಗಲಿಲ್ಲ, ಒರಟು ಮರ ಸಿಕ್ಕಿತು. ನೆಲ ತೇವವೆಂದು ಯಾರೋ ಯಾವಾಗಲೋ ಒಂದು ಮರದ ಪೆಟ್ಟಿಗೆ ಮಗುಚಿ ಹಾಕಿ ಅದರ ಮೇಲೆ ಪೇರಿಸಿದ್ದರು. ಎತ್ತರ ಸರಿಯಾಗಿಯೇ ಇತ್ತು. ಪೆಟ್ಟಿಗೆ ಒಂಬತ್ತೇ.

"ಇನ್ನೂರ ಇಪ್ಪತ್ತೈದು," ಎಂದು ಸಂದಿಯೊಳಗಿನಿಂದಲೇ ಕೂಗಿದಳು. ಆ ದನಿಗೆ ತಗಡಿನ ಸೂರು ಝಲ್ಲೆಂದಿತು.

ಮೇಸ್ತ್ರಿಯ ಬಾಯಿಯ ಬೆಣ್ಣೆ ಕರಗಿಹೋಗಿತ್ತು. "ಹನ್ನೆರಡು ನನಗೆ ಗೊತ್ತಿತ್ತು ತಾಯಿ, ಚೀಟಿ ಬರೆಯೋಕೆ ಮರೆತಿದ್ದೆ. ಈ ಮೂರು ನನಗೂ ಗೊತ್ತಿಲ್ಲ. ನಾನೂ ಇಪ್ಪತ್ತು ಅಟ್ಟಿ ಅಂತಲೇ ನೋಡ್ತಿದ್ದೆ," ಎಂದು ಮರದ ಪೆಟ್ಟಿಗೆಯನ್ನು ಬಗ್ಗಿ ಬಗ್ಗಿ ನೋಡಿದರು.

ಅಕ್ಕ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೂರ ಇಪ್ಪತ್ತೆಂಟರ ಮೇಲೆ ಒಂದು ಗೆರೆ ಎಳೆದಳು. ಅವಳ ಜೀವನದ ಮೊದಲ ಕಾಟು ಅದು. ಪಕ್ಕದಲ್ಲಿ ಇನ್ನೂರ ಇಪ್ಪತ್ತೈದು ಎಂದು ಬರೆದು ಚಿಕ್ಕ ಸಹಿ ಹಾಕಿದಳು. ಕಡಿಮೆ ಹದಿನೈದು, ಹನ್ನೆರಡಕ್ಕೆ ಕಾರಣ ಇದೆ, ಮೂರಕ್ಕೆ ಇಲ್ಲ. ಪುಟ ನೋಡಲು ಏನೂ ಚೆಂದವಿರಲಿಲ್ಲ, ಧೂಳಿನ ಬೆರಳಚ್ಚು ಬೇರೆ ಬಿದ್ದಿತ್ತು.

ವೈವಾ ಅಲ್ಲಿಯೇ, ಅಟ್ಟಿಗಳ ನಡುವೆ, ನಿಂತುಕೊಂಡೇ ನಡೆಯಿತು.

"ಈ ಮೂರು ಎಲ್ಲಿ ಹೋಯ್ತು?" ಎಂದು ಮೇಡಂ ಕೇಳಿದರು.

"ಗೊತ್ತಿಲ್ಲ ಮೇಡಂ." ಹದಿನೆಂಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಹೇಳದಿದ್ದ ಮಾತು ಅದು. ಹೇಳಿ ನೋಡಿದರೆ ಏನೂ ಕಷ್ಟವಾಗಲಿಲ್ಲ.

"ಕಾರಣ ಹುಡುಕಿ ಸೇರಿಸಬೇಕು ಅನ್ನಿಸ್ತಿಲ್ವಾ?"

"ಕೈ ಕಡೀತಿದೆ ಮೇಡಂ, ಸುಳ್ಳು ಯಾಕೆ ಹೇಳಲಿ. ಆದ್ರೆ ಹುಡುಕೋದು ಅವರ ಕೆಲಸ. ಇಲ್ಲಿ ಇಲ್ಲ ಅಂತ ಬರೆಯೋದು ನನ್ನ ಕೆಲಸ."

ಮೇಡಂ ಹಾಳೆಯನ್ನು ಬೆಳಕಿಗೆ ಹಿಡಿದರು. ಕಾಟು ಹೊಡೆದ ಅಂಕಿಯನ್ನು ಬಹಳ ಹೊತ್ತು ಓದಿದರು. "ಎಣಿಸೋ ಬದಲು ಗುಣಿಸಿದ್ದಕ್ಕೆ ಒಂಬತ್ತು ಅಂಕ ಕಳೀತೀನಿ. ನಿಯಮ ನಿಯಮವೇ," ಎಂದು ಪೆನ್ನು ತೆಗೆದರು. "ನೀವು ಬಂದು ಕೇಳದೇ ಇದ್ದಿದ್ರೆ ಈ ಮೂರು ಪೆಟ್ಟಿಗೆ ನನಗೂ ಸಿಗ್ತಿರ್ಲಿಲ್ಲ. ಉಳಿದ ಐವತ್ತೊಂದೂ ನಿಮ್ಮದು." ಸಹಿ ಹಾಕಿ, ಏನೂ ಆಗದವರ ಹಾಗೆ ಮುಂದಿನ ಜೋಡಿಯನ್ನು ಕರೆದರು.

ಎಕ್ಸ್‌ಪ್ರೆಸ್ ಅಕ್ಕನನ್ನು ತಬ್ಬಿಕೊಂಡು ಎತ್ತಲು ನೋಡಿದಳು, ಆಗಲಿಲ್ಲ. ಅಕ್ಕ ಹೊರಗೆ ಬಂದು, ಗೋದಾಮಿನ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನು ಮಾಡಿದಳು. ಮೊದಲ ಗಂಟೆಗೇ ಅತ್ತೆ ಎತ್ತಿದಳು. ಫೋನಿನ ಪಕ್ಕದಲ್ಲೇ ಕೂತಿದ್ದಳೆಂದು ಕಾಣುತ್ತದೆ.

"ಏನಾಯ್ತೇ? ತಾಳೆ ಆಯ್ತಾ?"

"ಇಲ್ಲ ಅತ್ತೆ. ಹದಿನೈದು ಕಮ್ಮಿ ಬಂತು."

ಅತ್ತೆಯ ದನಿ ಮೆತ್ತಗೆ ಬಂತು. "ಹೋಗ್ಲಿ ಬಿಡು ಮಗಳೇ. ನೀನು ಮಾಡೋದೆಲ್ಲ ಮಾಡಿದೆ. ಮನೆಗೆ ಬಾ, ಬಿಸಿಯಾಗಿ ಊಟ ಮಾಡು." ಇಪ್ಪತ್ತೊಂದು ವರ್ಷದಲ್ಲಿ ಅತ್ತೆ ಅವಳನ್ನು ಮಗಳೇ ಎಂದದ್ದು ಅದೇ ಮೊದಲು.

"ಅತ್ತೆ, ಕೇಳಿ ಇಲ್ಲಿ. ಪಾಸಾದೆ. ಅರವತ್ತಕ್ಕೆ ಐವತ್ತೊಂದು."

"ಹದಿನೈದು ಕಮ್ಮಿ ಬಂದಿದ್ದಕ್ಕಾ?"

"ಹೂಂ. ಕಮ್ಮಿ ಇದ್ದದ್ದನ್ನ ಕಮ್ಮಿ ಅಂತಲೇ ಬರೆದಿದ್ದಕ್ಕೆ."

ಅತ್ತೆ ಇದನ್ನು ಮನಸ್ಸಿನಲ್ಲಿ ತೂಗಿ ನೋಡಿದಳು. "ಒಳ್ಳೇ ಓದು ಕಣೇ ನಿಂದು," ಎಂದಳು. "ಹಾಗಿದ್ರೆ ಇನ್ನೊಂದು ನಾಲ್ಕೈದು ಕಮ್ಮಿ ಹುಡುಕಬಾರದಿತ್ತಾ, ಅರವತ್ತೂ ಬರ್ತಿತ್ತು."

ತಾಳೆ ಅಕ್ಕ ಧೂಳು ಸೀರೆಯಲ್ಲಿ ಮೆಟ್ಟಿಲ ಮೇಲೆ ಕೂತು ನಗತೊಡಗಿದಳು. ನಗುತ್ತ ನಗುತ್ತಲೇ ಕಣ್ಣು ತುಂಬಿ ಬಂತು. ಆ ಕಡೆ ಅತ್ತೆ ಆಗಲೇ ಫೋನು ಹಿಡಿದುಕೊಂಡೇ ಬೀದಿಗೆ ಹೊರಟಿದ್ದಳು. ಹದಿನೈದು ಕಮ್ಮಿ, ನಮ್ಮ ಸೊಸೆ ಹದಿನೈದು ಕಮ್ಮಿ ತಂದು ಪಾಸಾಗಿದ್ದಾಳೆ ಎಂದು ಯಾರಿಗೋ ಹೇಳುತ್ತಿದ್ದುದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು.